ಕಲ್ಲಿಗೆ ಬಣ್ಣ ಬಳಿದರೆ ಮಾನ ಹೋಗುವುದೇ?

ಧಾರವಾಡದ ಓದುಗರೊಬ್ಬರು ಬರೆದಿದ್ದಾರೆ: “ಕಳೆದ ಸಂಚಿಕೆಯಲ್ಲಿ ಸ್ಕಾಟ್ಲೆಂಡಿನ ಕ್ರೇಗಿವಾರ್ ಕೋಟೆಯ ಚಿತ್ರ ನೋಡಿ ಬೇಸರವಾಯಿತು. ಕಲ್ಲಿನ ಗೋಪುರಕ್ಕೆ ಗುಲಾಬಿ ಬಣ್ಣ ಮೆತ್ತಿ ಕೆಡಿಸಿದ್ದಾರೆ. ಕಲ್ಲು ಕಲ್ಲಾಗಿಯೇ ಕಾಣಬೇಡವೇ?”

ಉತ್ತರ: ನಯವಾಗಿ ಕೆತ್ತಿದ ಕಲ್ಲಾದರೆ ಕಾಣಲಿ, ನನ್ನದೇನೂ ತಕರಾರಿಲ್ಲ. ಕ್ರೇಗಿವಾರಿನದು ಒರಟು ಗ್ರಾನೈಟ್ ಕಾಡುಗಲ್ಲಿನ ಗೋಡೆ. ಸುಣ್ಣದ ಗಾರೆಗೆ ನುರುಜುಗಲ್ಲು ಬೆರೆಸಿ, ಕರಣೆಯಲ್ಲಿ ಎತ್ತಿ ಅದರ ಮೇಲೆ ರಪರಪನೆ ಬೀಸುತ್ತಾರೆ. ಹಾರ್ಲಿಂಗ್ ಎಂಬ ಆ ಹೊದಿಕೆ ಮಳೆಯನ್ನು ತಡೆಯುತ್ತದೆ, ಒಳಗಿನ ತೇವವನ್ನು ಹೊರಕ್ಕೆ ಬಿಡುತ್ತದೆ. ಅದನ್ನು ಕಿತ್ತು ಕಲ್ಲು ತೋರಿಸಿ ಎನ್ನುವುದು, ಚೆಲುವು ಕಾಣಲೆಂದು ಜಡಿಮಳೆಯಲ್ಲಿ ಅಜ್ಜನ ಕಂಬಳಿ ಕಿತ್ತುಕೊಂಡ ಹಾಗೆ.

ಚಿತ್ರವನ್ನು ಇನ್ನೊಮ್ಮೆ ನೋಡಿ. ಕೆಳಗಿನ ಅಂತಸ್ತುಗಳು ಬೋಳು ಬೋಳು. ಒಂದೇ ಬಾಗಿಲು, ಅದರ ಹಿಂದೆ ಯೆಟ್ ಎಂಬ ಕಬ್ಬಿಣದ ಜಾಲರಿ. ಮೇಲೇರಿದಂತೆ ಗೋಡೆಯಿಂದಲೇ ಮೊಳೆತಂತೆ ದುಂಡು ಬುರುಜುಗಳು, ಶಂಕುವಿನಂಥ ಚಾವಣಿಗಳು. ನಡುವೆ ಎಲ್ಲೂ ಕಲ್ಲಿನ ಸಂದು ಕಣ್ಣಿಗೆ ಅಡ್ಡ ಬರದು. ಆ ನಯ ಬಂದದ್ದು ಗಾರೆಯಿಂದ.

ಸ್ಕಾಟ್ಲೆಂಡಿನ 1535ರ ಕಾಯ್ದೆ ಇಂಗ್ಲೆಂಡಿಗೆ ತಾಗಿದ ಗಡಿಸೀಮೆಯಲ್ಲಿ ನೂರು ಪೌಂಡಿನ ಜಮೀನುಳ್ಳವರೆಲ್ಲ ರಕ್ಷಣೆಯ ಆವರಣಗೋಡೆ ಕಟ್ಟಲೇಬೇಕೆಂದಿತ್ತು. ಆ ಭಯದ ಕಾಲ ಬೇರೆ. ಬಾಲ್ಟಿಕ್ ಸಮುದ್ರದ ವ್ಯಾಪಾರದಲ್ಲಿ ದುಡ್ಡು ಮಾಡಿ, ಅಲ್ಲಿನ ಡ್ಯಾಂಜಿಗ್ ಬಂದರಿನ ಹೆಸರಿನಿಂದ ‘ಡ್ಯಾಂಜಿಗ್ ವಿಲ್ಲಿ’ ಎನಿಸಿಕೊಂಡಿದ್ದ ವಿಲಿಯಂ ಫೋರ್ಬ್ಸ್ 1626ರಲ್ಲಿ ಕ್ರೇಗಿವಾರ್ ಕಟ್ಟಿ ಮುಗಿಸಿದಾಗ ಅವನಿಗೆ ಬೇಕಾಗಿದ್ದದ್ದು ನಾಲ್ಕು ಜನ ತಲೆಯೆತ್ತಿ ನೋಡುವಂಥ ಮನೆ. ನಿಮ್ಮ ಮನಸ್ಸಿನಲ್ಲಿರುವುದು ಆ ಗಡಿಸೀಮೆಯ ಸ್ಮೇಲ್‌ಹೋಮ್‌ನಂಥ ಬೋಳುಗಲ್ಲಿನ ಗೋಪುರವಿರಬೇಕು. ಬಾಲ್ಯದಲ್ಲಿ ಅದರ ಪಕ್ಕದ ಅಜ್ಜನ ಹೊಲಮನೆಯಲ್ಲಿದ್ದ ಕಾದಂಬರಿಕಾರ ವಾಲ್ಟರ್ ಸ್ಕಾಟ್, ಮುಂದೆ ಲೋಕಕ್ಕೆಲ್ಲ ಪಾಳುಗೋಡೆಯ ಹುಚ್ಚು ಹಿಡಿಸಿದ. ನೀವೊಬ್ಬರೇ ಅಲ್ಲ ಬಿಡಿ: 1999ರ ಹೊತ್ತಿಗೆ ಸ್ಟರ್ಲಿಂಗ್ ಕೋಟೆಯ ಮಹಾಸಭಾಂಗಣಕ್ಕೆ ಹಿಂದಿನಂತೆ ಹೊಂಬಣ್ಣದ ಸುಣ್ಣ ಬಳಿದಾಗ ಅಲ್ಲಿಯವರೇ ಬೊಬ್ಬೆ ಹಾಕಿದ್ದರು.

ನಿಜವಾಗಿ ಬೇಸರಪಡಬೇಕಾದದ್ದು ಬೇರೆ ಇದೆ. ಕಳೆದ ಶತಮಾನದಲ್ಲಿ ಕ್ರೇಗಿವಾರಿಗೂ ಸಿಮೆಂಟ್ ಮೆತ್ತಿದ್ದರು. ತೇವ ಒಳಗೇ ಸಿಕ್ಕಿಕೊಂಡಿತು. ಅದನ್ನೆಲ್ಲ ಕೆತ್ತಿ ತೆಗೆದು ಮತ್ತೆ ಸುಣ್ಣಕ್ಕೆ ಮರಳಬೇಕಾಯಿತು. ನಮ್ಮಲ್ಲಿ ಆ ಬುದ್ಧಿಯೂ ಬಂದಿಲ್ಲ. ಜೀರ್ಣೋದ್ಧಾರವೆಂದರೆ ಹಳೆಯ ವಾಡೆಯ ಅಂಗಳಕ್ಕೆ ಮೊದಲು ಇಳಿಯುವುದು ಸಿಮೆಂಟ್ ಮೂಟೆ, ಆಮೇಲೆ ಉದ್ಘಾಟನೆಯ ಫಲಕ. ಇಷ್ಟು ಕಾಳಜಿಯುಳ್ಳ ತಾವು ಅದರ ಬಗ್ಗೆ ಬರೆಯಿರಿ, ಎರಡು ಪುಟ ತೆಗೆದಿರಿಸುತ್ತೇನೆ.