ತಡೆಯಾಜ್ಞೆ ಇರುವಾಗ ಶೆಡ್ ಕೀಳಬಹುದೇ?

ಪ್ರಶ್ನೆ: ನಾನು ಬಾದಾಮಿ ತಾಲ್ಲೂಕಿನ ಗ್ರಾಮ ಪಂಚಾಯಿತಿಯೊಂದರ ಪಿಡಿಒ. ಸಂತೆ ಬಯಲಿನ ಪಂಚಾಯಿತಿ ಜಾಗದಲ್ಲಿ ಒಬ್ಬರು ತಗಡಿನ ಶೆಡ್ ಹಾಕಿದ್ದಾರೆ. ಠರಾವು ಮಾಡಿ ನೋಟಿಸ್ ಕೊಟ್ಟೆವು. ನಮ್ಮ ಮಾತು ಕೇಳುವ ಮೊದಲೇ ಸಿವಿಲ್ ಕೋರ್ಟು ಅವರಿಗೆ ತಾತ್ಕಾಲಿಕ ತಡೆಯಾಜ್ಞೆ ಕೊಟ್ಟಿದೆ. ಬೇಲಿಫ್ ಸಮನ್ಸ್ ತಂದುಕೊಟ್ಟು ಎಂಟು ದಿನವಾಯಿತು. ‘ಜಾಗಾ ನಮ್ದ ಐತಿ, ಜೆಸಿಬಿ ತರಸ್ರಿ ಸಾಹೇಬ್ರ’ ಎಂದು ಸದಸ್ಯರ ಒತ್ತಾಯ. ನೇರ ಹೈಕೋರ್ಟಿಗೆ ಹೋಗಬಹುದೇ?

ಉತ್ತರ: ಜೆಸಿಬಿ ಬೇಡ. ಆದೇಶ ತಪ್ಪೆನಿಸಿದರೂ ತೆರವಾಗುವವರೆಗೆ ಪಾಲಿಸಲೇಬೇಕು. ಮೀರಿದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 39, ನಿಯಮ 2ಎ ಪ್ರಕಾರ ಆಸ್ತಿ ಜಪ್ತಿ, ಮೂರು ತಿಂಗಳವರೆಗೆ ಸಿವಿಲ್ ಬಂಧನ. ಒತ್ತಾಯ ಮಾಡಿದ ಸದಸ್ಯರು ಆಗ ಹಿಂದೆ ಸರಿಯುತ್ತಾರೆ, ಜೆಸಿಬಿ ಮುಂದೆ ನಿಂತವರು ನೀವಾಗಿರುತ್ತೀರಿ.

ಲಿಖಿತ ಹೇಳಿಕೆಗೆ, ಅಂದರೆ ದಾವೆಗೆ ನೀವು ಕೊಡುವ ಉತ್ತರಕ್ಕೆ, 30 ದಿನ ಗಡುವು. ಅದು ಬೇಲಿಫ್ ಕಾಗದಕ್ಕೆ ಸಹಿ ಹಾಕಿಕೊಟ್ಟ ದಿನದಿಂದ ಎಣಿಕೆ, ನಿಮ್ಮ ಆವಕ ವಹಿಯಲ್ಲಿ ನಂಬರು ಬಿದ್ದ ದಿನದಿಂದಲ್ಲ. ಕಾರಣ ಕೊಟ್ಟರೆ ಕೋರ್ಟು 90 ದಿನದವರೆಗೆ ಬಿಡಬಹುದು, ಆದರೆ ಆ ಭರವಸೆಯಲ್ಲಿ ಕೂರಬೇಡಿ. ಕೋರ್ಟಿಗೆ ನೀವೇ ಪತ್ರ ಬರೆದು ಕಳಿಸಿದರೆ ಅದು ಹೇಳಿಕೆ ಎನಿಸುವುದಿಲ್ಲ. ವಕಾಲತ್ತಿಗೆ (ವಕೀಲರಿಗೆ ಕೊಡುವ ಅಧಿಕಾರ ಪತ್ರ) ಸಹಿ, ಮೊಹರು ಹಾಕಿ ವಕೀಲರನ್ನು ಈ ವಾರವೇ ನಿಲ್ಲಿಸಿ.

ಅದರ ಜೊತೆಗೇ ಆದೇಶ 39ರ ನಿಯಮ 4ರಡಿ ತಡೆಯಾಜ್ಞೆ ತೆರವಿಗೆ ಅರ್ಜಿ ಹಾಕಿ. ಪಂಚಾಯಿತಿ ಕೊಟ್ಟ ನೋಟಿಸ್ ಬಗ್ಗೆ ಅವರು ಕೋರ್ಟಿಗೆ ಕೊಟ್ಟ ವಾದಪತ್ರದಲ್ಲಿ ಒಂದು ಸಾಲಾದರೂ ಇದೆಯೇ ನೋಡಿ. ಮುಖ್ಯ ಸಂಗತಿಯಲ್ಲಿ ತಿಳಿದೂ ಸುಳ್ಳು ಹೇಳಿ ಏಕಪಕ್ಷೀಯ ಆದೇಶ ಪಡೆದಿದ್ದರೆ ಅದನ್ನು ತೆರವು ಮಾಡಿಸಲು ಆ ನಿಯಮವೇ ದಾರಿ. ನೋಟಿಸ್ ಮುಟ್ಟಿದ್ದಕ್ಕೆ ಅವರ ಸಹಿಯಾಗಲಿ, ಬಾಗಿಲಿಗೆ ಅಂಟಿಸಿದ ಪಂಚನಾಮೆಯಾಗಲಿ ಇರಬೇಕು.

ಪಂಚಾಯಿತಿಗಳು ಹೆಚ್ಚಾಗಿ ಎಡವುವುದು ಠರಾವಿನಲ್ಲಿ. ‘ಸಂತೆ ಬಯಲಿನ ಅತಿಕ್ರಮಣ ತೆರವಿಗೆ ಸರ್ವಾನುಮತದಿಂದ ಒಪ್ಪಲಾಯಿತು’ ಎಂದು ಬರೆದಿರುತ್ತದೆ. ಯಾರದು, ಎಷ್ಟು ಅಡಿ, ಯಾವ ದಿಕ್ಕಿಗೆ? ಸರ್ವೆ ನಂಬರು, ನಾಲ್ಕೂ ಕಡೆಯ ಚಕ್ಕುಬಂದಿ, ಶೆಡ್ಡಿನ ಉದ್ದಗಲ ಇಲ್ಲದಿದ್ದರೆ ಎದುರು ವಕೀಲರು ಮೊದಲು ಹಿಡಿಯುವುದು ಅಲ್ಲಿಯೇ. ಹಳೆಯ ಠರಾವನ್ನು ತಿದ್ದಿ ಬರೆಯಬೇಡಿ, ಅದು ಇನ್ನೊಂದು ಕೇಸಿಗೆ ದಾರಿ. ಹದ್ದುಬಸ್ತು ನಕ್ಷೆ (ಗಡಿ ಅಳೆದು ಗುರುತಿಸಿದ ನಕ್ಷೆ) ಇದ್ದರೆ ಹಾಜರುಪಡಿಸಿ. ಇಲ್ಲವಾದರೆ ಈಗ ಸರ್ವೆಯವರನ್ನು ನೀವಾಗಿ ಒಳಗೆ ಕರೆದೊಯ್ಯದೆ, ಆದೇಶ 26, ನಿಯಮ 9ರಡಿ ಕೋರ್ಟೇ ನೇಮಿಸುವ ಕಮಿಷನರ್ ಮೂಲಕವೇ ಅಳತೆ ಕೇಳಿ.

ಹೈಕೋರ್ಟ್ ವಿಷಯ: ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಿಗೆ ಧಾರವಾಡ ಪೀಠ, ವಿಜಯಪುರಕ್ಕೆ ಕಲಬುರಗಿ. ಕೆಳಗೆ ಪರಿಹಾರವಿರುವಾಗ ಮೇಲೆ ಓಡಿದರೆ ‘ಅಲ್ಲಿಗೇ ಹೋಗಿ’ ಎಂದು ವಾಪಸ್ ಕಳಿಸುವುದೇ ಹೆಚ್ಚು. ನಿಮ್ಮ ಅರ್ಜಿ ವಜಾ ಆದರೆ 30 ದಿನದೊಳಗೆ ಮೇಲಿನ ಸಿವಿಲ್ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಿ.

ಇನ್ನು ಮುಂದೆ ತೆರವು ನೋಟಿಸ್ ಕೊಡುವ ದಿನವೇ ಅದೇ ಸಂಹಿತೆಯ ಕಲಂ 148ಎ ಪ್ರಕಾರ ಕೇವಿಯಟ್ (ನಮ್ಮ ಮಾತು ಕೇಳದೆ ಆದೇಶ ಕೊಡಬೇಡಿ ಎಂಬ ಮುಂಗಡ ಅರ್ಜಿ) ಹಾಕಿ, ಅದರ ಪ್ರತಿಯನ್ನು ಎದುರಿನವರಿಗೆ ನೋಂದಣಿ ಸಹಿತ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಕೇವಿಯಟ್ ಆಯುಷ್ಯ 90 ದಿನ. ಅಷ್ಟರಲ್ಲಿ ತೆರವು ಆಗದಿದ್ದರೆ ಹೊಸದಾಗಿ ಹಾಕಬೇಕು.