ಆತಂಕದ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಂಡರೆ ಸಿರೊಟೋನಿನ್ ರಿಸೆಪ್ಟರ್‌ಗಳು ಹಾಳಾಗುತ್ತವೆಯೇ?

ಹಾಳಾಗುತ್ತವೆ ಅನ್ನುವುದಕ್ಕಿಂತ ಹೊಂದಿಕೊಳ್ಳುತ್ತವೆ ಅನ್ನುವುದೇ ಸರಿ. ಸಿರೊಟೋನಿನ್ ಅಂದರೆ ನರಕೋಶಗಳ ನಡುವೆ ಸಂದೇಶ ಸಾಗಿಸುವ ರಾಸಾಯನಿಕ, ಆ ಸಂದೇಶವನ್ನು ಹಿಡಿದುಕೊಳ್ಳುವ ಕೋಶದ ಮೇಲಿನ ಪ್ರೋಟೀನ್‌ಗಳೇ ರಿಸೆಪ್ಟರ್‌ಗಳು. ಆದರೆ ಆತಂಕದ ಮಾತ್ರೆಗಳೆಲ್ಲ ಒಂದೇ ಅಲ್ಲ. ಅಲ್‌ಪ್ರಜೋಲಾಮ್, ಕ್ಲೋನಾಜೆಪಾಮ್ ಕೆಲಸ ಮಾಡುವುದು ಗಾಬಾ ಎಂಬ ಬೇರೆಯೇ ರಾಸಾಯನಿಕದ ರಿಸೆಪ್ಟರ್‌ಗಳ ಮೇಲೆ. ಸಿರೊಟೋನಿನ್ ವಿಷಯ ಬರುವುದು ಎಸ್ಸಿಟಾಲೊಪ್ರಾಮ್, ಸರ್ಟ್ರಾಲಿನ್‌ನಂಥ ಎಸ್‌ಎಸ್‌ಆರ್‌ಐ ಮಾತ್ರೆಗಳಲ್ಲಿ.

ನರಕೋಶ ಹೊರಬಿಟ್ಟ ಸಿರೊಟೋನಿನ್ ಅನ್ನು ವಾಪಸ್ ಎಳೆದುಕೊಳ್ಳುವ ಪ್ರೋಟೀನನ್ನು ಇವು ತಡೆಯುತ್ತವೆ. ಇದು ಕೆಲವೇ ಗಂಟೆಗಳಲ್ಲಿ ಆಗಿಬಿಡುತ್ತದೆ. ಹಾಗಿದ್ದರೆ ಗುಣ ಕಾಣಲು 2ರಿಂದ 6 ವಾರ ಯಾಕೆ ಬೇಕು? ನನಗೆ ಕುತೂಹಲ ಹುಟ್ಟಿಸುವುದು ಇದೇ. ಮಿದುಳಿನ ಕಾಂಡದ ರಾಫೆ ಎಂಬ ಭಾಗದಲ್ಲಿ ಸಿರೊಟೋನಿನ್ ತಯಾರಿಸುವ ಕೋಶಗಳಿವೆ. ಅವುಗಳ ಮೇಲೆಯೇ 5-ಎಚ್‌ಟಿ1ಎ ಎಂಬ ರಿಸೆಪ್ಟರ್‌ಗಳಿವೆ. ಟ್ಯಾಂಕ್ ತುಂಬಿದಾಗ ನೀರು ನಿಲ್ಲಿಸುವ ಫ್ಲೋಟ್ ವಾಲ್ವ್ ಇದ್ದ ಹಾಗೆ, ಸಿರೊಟೋನಿನ್ ಜಾಸ್ತಿಯಾದರೆ ಇವು ಕೋಶದ ಕೆಲಸವನ್ನು ನಿಧಾನ ಮಾಡುತ್ತವೆ. ಹಾಗಾಗಿ ಶುರುವಿನಲ್ಲಿ ಮಾತ್ರೆಯ ಪರಿಣಾಮ ಪೂರ್ತಿ ಸಿಗುವುದಿಲ್ಲ. ಕೆಲವರಿಗೆ ಮೊದಲ ದಿನಗಳಲ್ಲಿ ಆತಂಕ ಹೆಚ್ಚುವುದೂ ಉಂಟು. ವಾರಗಳು ಕಳೆದಂತೆ ಈ ರಿಸೆಪ್ಟರ್‌ಗಳ ಸೂಕ್ಷ್ಮತೆ ತಗ್ಗುತ್ತದೆ. ಕೋಶಗಳು ಮತ್ತೆ ಮೊದಲಿನ ವೇಗಕ್ಕೆ ಬರುತ್ತವೆ. ತಡಕ್ಕೆ ಇದೊಂದೇ ಕಾರಣವಲ್ಲ, ಆದರೂ ಹೆಚ್ಚು ಒಪ್ಪಿತವಾದ ವಿವರಣೆಗಳಲ್ಲಿ ಇದೂ ಒಂದು.

ಈ ಹೊಂದಾಣಿಕೆ ಮಾತ್ರೆ ಬಿಟ್ಟ ದಿನವೇ ಹಿಂದಕ್ಕೆ ಹೋಗುವುದಿಲ್ಲ. ಗುಣವಾಯ್ತು ಅಂತ ಸುಮ್ನೆ ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ನಿದ್ದೆಗೇಡು, ತಲೆಯಲ್ಲಿ ಕರೆಂಟ್ ಹೊಡೆದಂಥ ಅನುಭವ ಆಗಬಹುದು. ಎಸ್‌ಎಸ್‌ಆರ್‌ಐ ಗುಂಪಿನದೇ ಆದ ಪ್ಯಾರಾಕ್ಸೆಟಿನ್‌ನಲ್ಲಿ ಇದು ಜಾಸ್ತಿ. ಅದೇ ಗುಂಪಿನ ಫ್ಲುಯೊಕ್ಸೆಟಿನ್ ವಾರಗಟ್ಟಲೆ ದೇಹದಲ್ಲಿ ಉಳಿಯುವುದರಿಂದ ಅದರಲ್ಲಿ ಕಡಿಮೆ. ಇದನ್ನು ಚಟ ಅಂದುಕೊಳ್ಳಬೇಡಿ. ಬಹಳ ಕಾಲದಿಂದ ತೆಗೆದುಕೊಳ್ಳುತ್ತಿದ್ದರೆ ಡೋಸ್ ಇಳಿಸಲು ಕೆಲವು ತಿಂಗಳೇ ಬೇಕಾಗಬಹುದು, ಅದನ್ನು ಡಾಕ್ಟರ್ ಹೇಳಿದಂತೆಯೇ ಮಾಡಿ.