ಅರ್ಜೆಂಟ್ ಕೇರ್‌ಗೋ, ಎಮರ್ಜೆನ್ಸಿಗೋ?

ಪ್ರಶ್ನೆ: ನನಗೆ 67 ವರ್ಷ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡಕ್ಕೂ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮಗಳ ಬಾಣಂತನಕ್ಕೆಂದು ಅಮೆರಿಕದ ಡಲ್ಲಾಸ್‌ಗೆ ಹೊರಟಿದ್ದೇನೆ. ‘ಅಲ್ಲಿ ಹುಷಾರು ತಪ್ಪಿದರೆ ಎಮರ್ಜೆನ್ಸಿಗೆ ಹೋಗಬೇಡಿ, ಬಿಲ್ಲು ಕಟ್ಟಲಾಗದು, ಅರ್ಜೆಂಟ್ ಕೇರ್‌ಗೆ ಹೋಗಿ’ ಎಂದು ಹೋಗಿಬಂದವರು ಹೇಳುತ್ತಾರೆ. ಇವೆರಡಕ್ಕೂ ಏನು ವ್ಯತ್ಯಾಸ?
– ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಉತ್ತರ: ಈ ಸಲಹೆ ಜ್ವರಕ್ಕೆ ಸರಿ, ಎದೆನೋವಿಗೆ ಅಪಾಯಕಾರಿ. ಅರ್ಜೆಂಟ್ ಕೇರ್ ಎಂದರೆ ನಮ್ಮ ಬಡಾವಣೆಯ ಕ್ಲಿನಿಕ್ಕಿಗೆ ಎಕ್ಸ್‌ರೇ ಮತ್ತು ಪುಟ್ಟ ಲ್ಯಾಬು ಸೇರಿಸಿದಂಥ ಜಾಗ. ಮುಂಗಡ ಅಪಾಯಿಂಟ್‌ಮೆಂಟ್ ಇಲ್ಲದೆಯೂ ನೋಡುತ್ತಾರೆ, ಸಂಜೆ ಮತ್ತು ವಾರಾಂತ್ಯದಲ್ಲೂ ತೆರೆದಿರುತ್ತದೆ, ಆದರೆ ಹೆಚ್ಚಿನವು ರಾತ್ರಿ ಮುಚ್ಚುತ್ತವೆ. ಗಂಟಲು ನೋವು, ಉರಿಮೂತ್ರ, ಉಳುಕಿದ ಕಾಲು, ಈಳಿಗೆಮಣೆ ತಗಲಿ ಹೊಲಿಗೆ ಬೇಕಾದ ಬೆರಳು ಇಂಥವಕ್ಕೆ ಅದು ಸಾಕು.

ನಿಮ್ಮ ವಿಷಯದಲ್ಲಿ ನನಗಿರುವ ಆತಂಕವೇ ಬೇರೆ. ಸಕ್ಕರೆ ಕಾಯಿಲೆ ಇರುವವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಹೃದಯಾಘಾತವು ಎದೆ ಹಿಡಿದುಕೊಳ್ಳುವಂಥ ನೋವಾಗಿಯೇ ಬರಬೇಕೆಂದಿಲ್ಲ. ಏದುಸಿರು, ತಣ್ಣನೆಯ ಬೆವರು, ದವಡೆ ಅಥವಾ ತೋಳಿನ ನೋವು, ಹೊಟ್ಟೆ ತೊಳಸುವಿಕೆಯಾಗಿಯೂ ಕಾಣಿಸಿಕೊಳ್ಳಬಹುದು. ‘ಗ್ಯಾಸ್ ಇರಬೇಕು, ಮಧ್ಯರಾತ್ರಿಯಲ್ಲಿ ಮಕ್ಕಳಿಗೆ ತೊಂದರೆ ಯಾಕೆ’ ಎಂದು ಜೀರಿಗೆ ಕಷಾಯ ಕುಡಿದು ಮಲಗುವುದು ನಮ್ಮ ಹಿರಿಯರ ಅಭ್ಯಾಸ. ಬಿಲ್ಲಿನ ಭಯ ಸೇರಿಕೊಂಡರೆ ಕೇಳುವುದೇ ಬೇಡ. ಇಂಥ ಲಕ್ಷಣ ಕಂಡಾಗ ಅರ್ಜೆಂಟ್ ಕೇರ್‌ಗೆ ಹೋದರೆ ಅವರೂ ಕೊನೆಗೆ ಆಂಬುಲೆನ್ಸ್ ಕರೆಸಿ ಎಮರ್ಜೆನ್ಸಿಗೇ ಕಳುಹಿಸುತ್ತಾರೆ, ಅಷ್ಟರಲ್ಲಿ ಅಮೂಲ್ಯ ಸಮಯ ಕಳೆದಿರುತ್ತದೆ. ಆದ್ದರಿಂದ ನೇರವಾಗಿ ಅಲ್ಲಿನ ತುರ್ತು ಸಹಾಯದ ಸಂಖ್ಯೆ 911ಕ್ಕೆ ಕರೆ ಮಾಡಿಸಿ. ಅಳಿಯಂದಿರ ಕಾರಿಗಿಂತ ಆಂಬುಲೆನ್ಸ್ ಮೇಲು, ಏಕೆಂದರೆ ಇಸಿಜಿ ಅದರಲ್ಲೇ ಆಗಿಬಿಡುತ್ತದೆ.

ಬಾಯಿ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು ಪಾರ್ಶ್ವವಾಯುವಿನ ಸೂಚನೆಗಳು. ರಕ್ತನಾಳದಲ್ಲಿ ಹೆಪ್ಪುಗಟ್ಟಿ ಅದು ಬಂದಿದ್ದರೆ, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಹಾಗಾಗಿ ಎಷ್ಟು ಹೊತ್ತಿಗೆ ಶುರುವಾಯಿತೆಂಬುದನ್ನು ಮನೆಯವರು ನೆನಪಿಟ್ಟು ಹೇಳಬೇಕು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಬಿದ್ದು ತಲೆಗೆ ಪೆಟ್ಟಾದರೆ, ಮೇಲ್ನೋಟಕ್ಕೆ ಏನೂ ಆಗಿರದಿದ್ದರೂ ಎಮರ್ಜೆನ್ಸಿಗೇ ಹೋಗಬೇಕು.

ಬಿಲ್ಲಿನ ಭಯ ಸುಳ್ಳೇನಲ್ಲ. ಆದರೆ ಮೆಡಿಕೇರ್ ಎಂಬ, ಮುಖ್ಯವಾಗಿ ಹಿರಿಯರಿಗಿರುವ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ ಯೋಜನೆಗೆ ಸೇರಿದ ಆಸ್ಪತ್ರೆಗಳ ಎಮರ್ಜೆನ್ಸಿಯಲ್ಲಿ, ಹಣವಿದೆಯೋ ಇಲ್ಲವೋ ಎಂದು ನೋಡದೆ, ರೋಗಿಯನ್ನು ಪರೀಕ್ಷಿಸಿ ಸ್ಥಿತಿಯನ್ನು ಹತೋಟಿಗೆ ತರಲೇಬೇಕೆಂದು 1986ರ ಕಾನೂನು ಹೇಳುತ್ತದೆ. ಬಿಲ್ಲು ಮಾತ್ರ ಆಮೇಲೆ ಬರುತ್ತದೆ. ಡಲ್ಲಾಸ್ ಇರುವ ಟೆಕ್ಸಾಸ್ ರಾಜ್ಯದಲ್ಲಿ ಇನ್ನೊಂದು ಎಚ್ಚರ ಬೇಕು: ಆಸ್ಪತ್ರೆಯ ಕಟ್ಟಡದಲ್ಲಿರದೆ ಅಂಗಡಿಗಳ ಸಾಲಿನಲ್ಲೇ ಇರುವ ಎಮರ್ಜೆನ್ಸಿ ಕೇಂದ್ರಗಳು ನೋಡಲು ಅರ್ಜೆಂಟ್ ಕೇರ್‌ನಂತೆಯೇ ಇರುತ್ತವೆ, ಆದರೆ ಬಿಲ್ಲು ಎಮರ್ಜೆನ್ಸಿಯದು. ನೆಗಡಿ ಕೆಮ್ಮಿಗೆ ಒಳಹೋಗುವ ಮುನ್ನ ಫಲಕದಲ್ಲಿ ‘ಎಮರ್ಜೆನ್ಸಿ’ ಅಥವಾ ‘ಇ.ಆರ್.’ (ಎಮರ್ಜೆನ್ಸಿ ರೂಮ್) ಎಂದಿದೆಯೇ ನೋಡಿಕೊಳ್ಳಿ. ಪ್ರವಾಸಿ ವಿಮೆ ಕೊಳ್ಳುವಾಗ, ಈಗಾಗಲೇ ಇರುವ ಕಾಯಿಲೆ ದಿಢೀರನೆ ಉಲ್ಬಣಿಸಿದರೆ ಖರ್ಚು ಕೊಡುತ್ತಾರೆಯೇ ಎಂದು ಮಗಳ ಮೂಲಕ ವಿಚಾರಿಸಿ. ಅನೇಕ ಪಾಲಿಸಿಗಳು ಹಳೆಯ ಕಾಯಿಲೆಗಳನ್ನು ಹೊರಗಿಡುತ್ತವೆ.

ಕೊನೆಯದಾಗಿ, ಮಾತ್ರೆಗಳ ಬ್ರ್ಯಾಂಡ್ ಹೆಸರನ್ನಲ್ಲ, ಔಷಧದ ಮೂಲ ಹೆಸರನ್ನೂ ಪ್ರಮಾಣವನ್ನೂ ಇಂಗ್ಲಿಷಿನಲ್ಲಿ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಗ್ಲೈಕೋಮೆಟ್ ಎಂದರೆ ಅಲ್ಲಿಯವರಿಗೆ ತಿಳಿಯದು, ಮೆಟ್‌ಫಾರ್ಮಿನ್ ಎಂದರೆ ತಿಳಿಯುತ್ತದೆ. ಪ್ಯಾರಸಿಟಮಾಲ್‌ಗೆ ಅಲ್ಲಿ ಅಸೆಟಮಿನೋಫೆನ್ ಎಂಬ ಹೆಸರಿದೆ.